ಮಾದರಿ ಕಾರಿನ ಪಟ್ಟೆಗೆ ನೇರವಾದ ಅಂಚು

1969ರ ಶೆವ್ರೊಲೆ ಕಮಾರೊ ಝಡ್/28ರ 1/25 ಅಳತೆಯ ಮಾದರಿಗೆ ಕಿತ್ತಳೆ ಬಣ್ಣದ ಮೇಲೆ ಕಪ್ಪು ಪಟ್ಟೆ ಬಳಿಯುವವರು, ಬಣ್ಣ ತಾಗಬಾರದ ಭಾಗವನ್ನು ಮುಚ್ಚುವ ಮಾಸ್ಕಿಂಗ್ ಟೇಪ್ ಅಂಟಿಸಿದ ಮೇಲೆ ನೇರವಾಗಿ ಕಪ್ಪನ್ನು ಹಾಯಿಸದೆ, ಮೊದಲು ಟೇಪಿನ ಅಂಚಿನುದ್ದಕ್ಕೂ ಅದೇ ಕಿತ್ತಳೆ ಬಣ್ಣವನ್ನು ತೆಳುವಾಗಿ ಒಮ್ಮೆ ಸಿಂಪಡಿಸಿ, ಅದು ಒಣಗಿದ ನಂತರ ಕಪ್ಪನ್ನು ಬಳಿಯಿರಿ. ಟೇಪಿನ ಅಡಿಯ ಸಣ್ಣ ಸಂದುಗಳಿಗೆ ಮೊದಲು ನುಗ್ಗುವುದು ತಳದ ಬಣ್ಣವೇ ಆದ್ದರಿಂದ ಅದು ಕಣ್ಣಿಗೆ ಕಾಣುವುದಿಲ್ಲ. ಸಂದುಗಳು ಮುಚ್ಚಿಹೋಗಿರುವುದರಿಂದ ಕಪ್ಪಿಗೆ ಒಳಗೆ ಹರಿಯಲು ದಾರಿಯೂ ಉಳಿಯುವುದಿಲ್ಲ. ಲೋಹದ ಹೊಳಪಿನ ಬಣ್ಣಗಳಲ್ಲಿ ಎರಡನೆಯ ಸಿಂಪಡಣೆಯ ಛಾಯೆ ಬೇರೆಯಾಗಿ ಕಾಣಬಹುದು. ಅಲ್ಲಿ ಬಣ್ಣವಿಲ್ಲದ ಕ್ಲಿಯರ್ ಲೇಪವನ್ನೇ ಬಳಸುವುದು ಲೇಸು. ತಳದ ಬಣ್ಣ ಪೂರ್ತಿ ಗಟ್ಟಿಯಾಗಿರದಿದ್ದರೆ ಈ ಉಪಾಯ ನಡೆಯದು, ಟೇಪಿನೊಂದಿಗೆ ಬಣ್ಣವೂ ಕಿತ್ತು ಬರುತ್ತದೆ. ನಿಧಾನವಾಗಿ ಒಣಗುವ ಎನಾಮೆಲ್ ಬಣ್ಣ ಬಳಸಿದ್ದರಂತೂ ಹಲವು ದಿನ ಕಾಯಲೇಬೇಕು. ಬಾನೆಟ್ಟಿನ ನಡುವಿನ ಉಬ್ಬಿನ ಬದಿಗಳಲ್ಲಿಯೂ ಬಾಗಿಲಿನ ಗೆರೆಗಳಂತಹ ತಗ್ಗುಗಳಲ್ಲಿಯೂ ಟೇಪ್ ಎದ್ದು ನಿಲ್ಲುವುದುಂಟು, ಅಷ್ಟು ದೊಡ್ಡ ಸಂದನ್ನು ತೆಳು ಲೇಪ ಮುಚ್ಚಲಾರದು. ಹಲ್ಲುಕಡ್ಡಿಯ ತುದಿಯಿಂದ ಟೇಪನ್ನು ಅಲ್ಲಿ ಒತ್ತಿ ಕೂರಿಸಿಕೊಳ್ಳಬೇಕು. ಕಪ್ಪನ್ನು ಒಂದೇ ಬಾರಿಗೆ ದಪ್ಪವಾಗಿ ಬಳಿದರೆ ಪಟ್ಟೆಯ ಅಂಚಿನಲ್ಲಿ ಏಣು ಉಳಿಯುತ್ತದೆ, ಆದ್ದರಿಂದ ಎರಡು ಮೂರು ತೆಳು ಪದರಗಳು ಸಾಕು. ಅಂದಹಾಗೆ, ಆ ಕಾರಿನ ಪಟ್ಟೆಗಳು ಬಾನೆಟ್ ಮತ್ತು ಡಿಕ್ಕಿಯ ಮುಚ್ಚಳದ ಮೇಲೆ ಮಾತ್ರ ಇದ್ದವು. ಛಾವಣಿಗೆ ಟೇಪ್ ಅಂಟಿಸುವ ಅಗತ್ಯವಿಲ್ಲ.