ಕಾಫಿ ಹಣ್ಣಿನ ಸಿಪ್ಪೆಯಿಂದ ಗ್ರಾಫೀನ್: ನನ್ನ ಅನುಭವ

ಕೊಡಗಿನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್ ಪಕ್ಕದಲ್ಲಿ ಸಿಪ್ಪೆಯ ರಾಶಿ ಏಳುತ್ತದೆ. ಅದರ ನೀರು ತೋಡು ಸೇರಿದರೆ ಮೀನಿಗೆ ಉಸಿರು ಕಟ್ಟುತ್ತದೆ. ವಿರಾಜಪೇಟೆಯಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ನನಗೆ ಆ ಸಿಪ್ಪೆಯಲ್ಲಿ ಬೇಕಾದದ್ದು ಕ್ಲೋರೋಜೆನಿಕ್ ಆಮ್ಲ. ಗ್ರಾಫೀನ್ ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ; ಅದಕ್ಕೆ ಆಮ್ಲಜನಕ ಅಂಟಿಕೊಂಡ ರೂಪ ಗ್ರಾಫೀನ್ ಆಕ್ಸೈಡ್. ಆ ಆಮ್ಲಜನಕವನ್ನು ತೆಗೆಯುವ ಗುಣ ಕ್ಲೋರೋಜೆನಿಕ್ ಆಮ್ಲಕ್ಕಿದೆ. ಈ ಕೆಲಸಕ್ಕೆ ಜಾಸ್ತಿ ಬಳಸುವುದು ಹೈಡ್ರಜೀನ್. ಅದು ವಿಷ, ಬಿಎಸ್ಸಿ ಮಕ್ಕಳ ಕೈಗೆ ಕೊಡಲು ನನಗೆ ಮನಸ್ಸಿಲ್ಲ.

ಹಸಿ ಸಿಪ್ಪೆ ಬೇಗ ಕಂದುತ್ತದೆ, ಅಂದರೆ ನಮಗೆ ಬೇಕಾದ ಪಾಲಿಫಿನಾಲ್ (ಕ್ಲೋರೋಜೆನಿಕ್ ಆಮ್ಲ ಸೇರಿದ ಗುಂಪು) ಆಗಲೇ ಹಾಳಾಗುತ್ತಿದೆ. ಹಾಗಾಗಿ ಪಲ್ಪರ್‌ನಿಂದ ಬಂದ ದಿನವೇ ಕುದಿನೀರಲ್ಲಿ ಅದ್ದಿ ತೆಗೆದು ಓವನ್‌ನಲ್ಲಿ ಒಣಗಿಸುತ್ತೇವೆ. 10 ಗ್ರಾಂ ಪುಡಿಯನ್ನು 200 ಮಿಲಿ ನೀರಲ್ಲಿ 80 ಡಿಗ್ರಿಗೆ ಅರ್ಧ ಗಂಟೆ ಇಟ್ಟು ಸೋಸಬೇಕು. ಈ ರಸವನ್ನು ಗ್ರಾಫೀನ್ ಆಕ್ಸೈಡ್ ಬೆರೆತ ನೀರಿಗೆ ಹಾಕಿ, ಅಮೋನಿಯಾದಿಂದ ಪಿಎಚ್ 10ಕ್ಕೆ ತಂದು, 90 ಡಿಗ್ರಿ ಮೇಲೆ ಕೆಲವು ಗಂಟೆ ಬಿಸಿ ಮಾಡುತ್ತೇವೆ. ಕಂದು ನೀರು ಕಪ್ಪಾಗಿ, ಚೂರುಗಳು ತಳ ಸೇರುತ್ತವೆ.

ಕಪ್ಪಾಯಿತು ಅಂದ ಮಾತ್ರಕ್ಕೆ ಸಿಪ್ಪೆಯೇ ಕೆಲಸ ಮಾಡಿತು ಅನ್ನುವಂತಿಲ್ಲ. ಬರೀ ಕ್ಷಾರ ಮತ್ತು ಬಿಸಿಯಿಂದಲೂ ಗ್ರಾಫೀನ್ ಆಕ್ಸೈಡ್ ಸ್ವಲ್ಪ ಆಮ್ಲಜನಕ ಕಳೆದುಕೊಳ್ಳುತ್ತದೆ. ಅದಕ್ಕೇ ಪಕ್ಕದಲ್ಲಿ ರಸವಿಲ್ಲದ ಇನ್ನೊಂದು ಫ್ಲಾಸ್ಕ್ ಇರಲೇಬೇಕು. ಇನ್ನೊಂದು ತೊಡಕು ಕಾಫಿಗೇ ಸೇರಿದ್ದು. ವಸ್ತು ಯಾವ ತರಂಗಾಂತರದ ನೇರಳಾತೀತ (ಯುವಿ) ಬೆಳಕನ್ನು ಹೆಚ್ಚು ಹೀರುತ್ತದೆ ಎಂದು ಒಂದು ಯಂತ್ರದಲ್ಲಿ ಅಳೆಯುತ್ತೇವೆ. ಆಮ್ಲಜನಕ ಹೋದಾಗ ಆ ಯುವಿ ಶಿಖರ 230 ನ್ಯಾನೋಮೀಟರ್‌ನಿಂದ ಸುಮಾರು 270ಕ್ಕೆ ಜರುಗಬೇಕು. ಆದರೆ ಕೆಫೀನ್ ಕೂಡ ಶಿಖರ ತೋರಿಸುವುದು 273ರ ಆಸುಪಾಸಿನಲ್ಲೇ! ಸರಿಯಾಗಿ ತೊಳೆಯದಿದ್ದರೆ ನೀವು ಅಳೆಯುವುದು ಕೆಫೀನನ್ನೇ ಇರಬಹುದು, ಅಲ್ವಾ? ಬಿಸಿನೀರು, ಎಥನಾಲ್ ಹಾಕಿ ಸೆಂಟ್ರಿಫ್ಯೂಜ್‌ನಲ್ಲಿ ಮತ್ತೆ ಮತ್ತೆ ತೊಳೆದು, ತೊಳೆದ ನೀರನ್ನೂ ಅದೇ ಯುವಿ ಯಂತ್ರದಲ್ಲಿ ನೋಡುತ್ತೇವೆ. ಅದರಲ್ಲಿ ಶಿಖರ ಕಾಣದಿದ್ದಾಗ ಮಾತ್ರ ಮುಂದಿನ ಹೆಜ್ಜೆ. ಎಕ್ಸ್‌ರೇ ಬಿಟ್ಟು ಪದರಗಳ ನಡುವಿನ ಅಂತರ ತಿಳಿಯುವ ಎಕ್ಸ್‌ರೇ ಡಿಫ್ರ್ಯಾಕ್ಷನ್‌ನಲ್ಲಿ 10 ಡಿಗ್ರಿ ಕೋನದ ಹತ್ತಿರದ ಗೆರೆ ಮಾಯವಾಗಿ 24ರ ಸುತ್ತ ಅಗಲವಾದ ಗೆರೆ ಬಂದರೆ ನನಗೆ ಧೈರ್ಯ.

ಇಷ್ಟಾದರೂ ಇದನ್ನು ಸುಮ್ನೆ ‘ಹಸಿರು ಗ್ರಾಫೀನ್’ ಅನ್ನಲು ನಾನು ಒಪ್ಪುವುದಿಲ್ಲ. ಸಿಪ್ಪೆಯಿಂದ ಬದಲಾದದ್ದು ಆಮ್ಲಜನಕ ತೆಗೆಯುವ ಕೊನೆಯ ಹಂತ ಮಾತ್ರ. ಗ್ರಾಫೈಟ್‌ನಿಂದ ಆಕ್ಸೈಡ್ ಮಾಡಲು 1958ರ ಹಮ್ಮರ್ಸ್ ವಿಧಾನದಲ್ಲಿ ಗಂಧಕಾಮ್ಲ, ಪರ್ಮ್ಯಾಂಗನೇಟ್, ಸೋಡಿಯಂ ನೈಟ್ರೇಟ್ ಬೇಕು. 2010ರಲ್ಲಿ ಬಂದ ಸುಧಾರಿತ ವಿಧಾನದಲ್ಲಿ ನೈಟ್ರೇಟ್ ಇಲ್ಲ, ಅದರಿಂದೇಳುವ ವಿಷಗಾಳಿಯೂ ಇಲ್ಲ. ನಾವು ಅದನ್ನೇ ಅನುಸರಿಸುತ್ತೇವೆ. ಆದರೆ ಆಮ್ಲ, ಮ್ಯಾಂಗನೀಸ್ ಉಳಿದೇ ಉಳಿಯುತ್ತವೆ. ಆ ತೊಳೆನೀರಿಗೆ ಸುಣ್ಣ ಹಾಕಿ, ತಳದಲ್ಲಿ ಕೂತದ್ದನ್ನು ಬೇರೆ ಕ್ಯಾನ್‌ಗೆ ತುಂಬಿ ಇಡುತ್ತೇವೆ. ಒಂದು ಹನಿಯೂ ತೋಡಿಗೆ ಹೋಗಕೂಡದು.