ರಟ್ಟಿನ ಡಬ್ಬ ಬಿಸಾಡಬೇಡಿ, ರೋಬೋಟ್ ಹುಟ್ಟುಹಬ್ಬ ಬರ್ತಿದೆ

ಮಗುವಿನ ಹುಟ್ಟುಹಬ್ಬಕ್ಕೆ ಇನ್ನೂ ಒಂದು ತಿಂಗಳು ಇದೆ ಅನ್ನುವಾಗಲೇ ಮನೆಗೆ ಬರುವ ರಟ್ಟಿನ ಡಬ್ಬಗಳನ್ನು ಬಿಸಾಡುವುದು ನಿಲ್ಲಿಸಿ. ರೋಬೋಟ್ ಪಾರ್ಟಿ ಮಾಡ್ತೀವಿ ಅನ್ನುವವರಿಗೆ ನಾನು ಹೇಳುವ ಮೊದಲ ಮಾತು ಇದು. ಚಪ್ಪಲಿ ಡಬ್ಬ, ಟೂತ್‌ಪೇಸ್ಟ್ ಡಬ್ಬ, ಟಿಶ್ಯೂ ರೋಲಿನ ಒಳಗಿನ ಕೊಳವೆ, ಬಾಟಲಿ ಮುಚ್ಚಳ, ಗೀಚು ಬಿದ್ದ ಸಿಡಿ, ಸತ್ತುಹೋದ ಕೀಬೋರ್ಡಿನ ಗುಂಡಿಗಳು, ಒಂದೂ ಬಿಡಬೇಡಿ. ಒಂದು ತಿಂಗಳು ಮನೆಯ ಮೂಲೆ ಗುಜರಿ ಅಂಗಡಿ ತರ ಕಾಣುತ್ತದೆ. ಕಾಣಲಿ ಬಿಡಿ. ಮುಚ್ಚಳಗಳನ್ನು ಮಾತ್ರ ಸೋಪು ನೀರಲ್ಲಿ ತೊಳೆದು ಒಣಗಿಸಿ ಇಡಿ, ಇಲ್ಲದಿದ್ದರೆ ಇರುವೆಗಳ ಹುಟ್ಟುಹಬ್ಬ ಮೊದಲು ಆಗುತ್ತದೆ.

ಯಾಕೆ ಹೇಳ್ತೀನಿ ಅಂದರೆ, ನಾನೂ ಒಮ್ಮೆ ಎಡವಿದವಳೇ. ದೊಡ್ಡ ಮೊಮ್ಮಗನ ಐದನೇ ಹುಟ್ಟುಹಬ್ಬಕ್ಕೆ ಎಲ್ಲ ರೆಡಿಮೇಡ್ ತರಿಸಿದ್ದೆವು. ರೋಬೋಟ್ ಚಿತ್ರದ ತಟ್ಟೆ, ರೋಬೋಟ್ ಚಿತ್ರದ ಲೋಟ, ಟೋಪಿ, ಗೋಡೆಗೆ ಬ್ಯಾನರ್. ಲೆಕ್ಕ ಹಾಕಿದರೆ ಕೇಕಿಗಿಂತ ತಟ್ಟೆಗೇ ಜಾಸ್ತಿ ಖರ್ಚು. ಬಂದ ಮಕ್ಕಳು ತಟ್ಟೆಯಲ್ಲಿ ಏನು ಚಿತ್ರ ಇದೆ ಅಂತ ನೋಡಲೂ ಇಲ್ಲ. ಕೇಕ್ ಹಾಕಿದ ಮೇಲೆ ಚಿತ್ರ ಎಲ್ಲಿ ಕಾಣುತ್ತದೆ ಹೇಳಿ? ಅವರೆಲ್ಲ ಸೇರಿ ಆಡಿದ್ದು ಆ ಸಾಮಾನು ತುಂಬಿ ಬಂದಿದ್ದ ಖಾಲಿ ಪೆಟ್ಟಿಗೆಯ ಜೊತೆ. ಅವತ್ತೇ ನನಗೆ ಬುದ್ಧಿ ಬಂತು. ರೋಬೋಟ್ ಚಿತ್ರ ಕೊಳ್ಳುವುದಕ್ಕಿಂತ ಮಕ್ಕಳ ಕೈಗೆ ರೋಬೋಟ್ ಮಾಡುವ ಸಾಮಾನು ಕೊಟ್ಟರೆ ಆಯಿತು. ಅವರು ಮಾಡಿದ್ದೇ ಅಲಂಕಾರ, ಅದೇ ಆಟ, ಮನೆಗೆ ಒಯ್ಯುವ ಉಡುಗೊರೆಯೂ ಅದೇ. ಮೂರು ಖರ್ಚು ಒಂದೇ ಏಟಿಗೆ ಹೋಯಿತು.

ಎಷ್ಟು ಮಕ್ಕಳನ್ನು ಕರೆಯಬೇಕು ಅನ್ನುವುದರಲ್ಲೇ ಅರ್ಧ ಬಜೆಟ್ ಇದೆ. ಮಗುವಿಗೆ ಎಷ್ಟು ವರ್ಷವೋ ಅಷ್ಟು ಮಕ್ಕಳು, ಮೇಲೊಂದು. ಇದು ಹಳೇ ಲೆಕ್ಕ, ಈಗಲೂ ನಡೆಯುತ್ತದೆ. ಆರು ವರ್ಷದ ಮಗುವಿಗೆ ಏಳು ಗೆಳೆಯರು ಸಾಕು. ಸಮಯ ಎರಡು ಗಂಟೆ, ಅದನ್ನು ಮೀರಿದರೆ ಯಾರೋ ಒಬ್ಬರು ಅಳುತ್ತಾರೆ. ಊಟದ ಹೊತ್ತಿಗೂ ಊಟದ ಹೊತ್ತಿಗೂ ನಡುವೆ ಇಟ್ಟರೆ ತಿಂಡಿಯಲ್ಲೇ ಮುಗಿಯುತ್ತದೆ. ಆಮಂತ್ರಣ ಪತ್ರಿಕೆಗೆ ದುಡ್ಡು ಹಾಕಬೇಡಿ. ಮಗು ಒಂದು ರೋಬೋಟ್ ಬಿಡಿಸಲಿ, ಅದರ ಫೋಟೋ ತೆಗೆದು ಫೋನಲ್ಲಿ ಕಳಿಸಿ, ಆಯಿತು.

ಇನ್ನು ಡಬ್ಬಗಳ ವಿಷಯ. ಇಲ್ಲಿ ಒಂದು ಕೈಚಳಕ ಇದೆ, ಗೊತ್ತಿಲ್ಲದವರು ಬಣ್ಣ ಹಚ್ಚಿ ಹಚ್ಚಿ ಸೋಲುತ್ತಾರೆ. ಅಂಗಡಿ ಡಬ್ಬಗಳ ಹೊರಮೈ ನುಣುಪು, ಹೊಳಪು. ಅದರ ಮೇಲೆ ಮಕ್ಕಳ ನೀರು ಬಣ್ಣ ನಿಲ್ಲುವುದಿಲ್ಲ, ಹನಿಹನಿಯಾಗಿ ಜಾರುತ್ತದೆ. ಅದಕ್ಕೆ ಡಬ್ಬವನ್ನು ಒಳಗೆ ಹೊರಗೆ ಮಾಡಬೇಕು. ಟೂತ್‌ಪೇಸ್ಟ್ ಡಬ್ಬದಂಥವಕ್ಕೆ ಉದ್ದಕ್ಕೆ ಅಂಟಿಸಿದ ಒಂದು ಪಟ್ಟಿ ಇರುತ್ತದೆ. ಅದರ ಸಂದಿಗೆ ಬೆಣ್ಣೆ ಸವರುವ ಮೊಂಡು ಚಾಕು ತೂರಿಸಿ ಮೆಲ್ಲಗೆ ಎಬ್ಬಿಸಿ. ಡಬ್ಬ ಪೂರ್ತಿ ಬಿಚ್ಚಿಕೊಂಡು ಹಾಳೆಯಾಗುತ್ತದೆ. ಮಡಿಕೆಗಳನ್ನು ಉಲ್ಟಾ ಮಡಚಿ, ಅದೇ ಪಟ್ಟಿಗೆ ಅಂಟು ಹಚ್ಚಿ, ಬಟ್ಟೆ ಕ್ಲಿಪ್ಪು ಹಾಕಿ ಒಣಗಲು ಬಿಡಿ. ಈಗ ಒಳಗಿದ್ದ ಒರಟು ಮೈ ಹೊರಗೆ ಬಂತು. ಬಣ್ಣ ಕುಡಿಯುತ್ತದೆ, ಅಂಟೂ ಹಿಡಿಯುತ್ತದೆ. ಮೇಲೆ ಸೋಪಿನ ಜಾಹೀರಾತೂ ಕಾಣುವುದಿಲ್ಲ. ಈ ಕೆಲಸ ರಾತ್ರಿ ಟಿವಿ ನೋಡುತ್ತಾ ದಿನಕ್ಕೆ ಎರಡು ಡಬ್ಬದಂತೆ ಮಾಡಿಟ್ಟರೆ ಭಾರ ಅನ್ನಿಸುವುದಿಲ್ಲ.

ಬೆಳ್ಳಿ ಬಣ್ಣದ ಸ್ಪ್ರೇ ತರೋಣ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ದುಬಾರಿ, ಮನೆ ತುಂಬ ವಾಸನೆ, ಮಕ್ಕಳ ಮೂಗಿಗೂ ಒಳ್ಳೆಯದಲ್ಲ. ಅಡುಗೆಮನೆಯ ಫಾಯಿಲ್ ಸಾಕು. ಬಿಳಿ ಅಂಟಿಗೆ ಸ್ವಲ್ಪ ನೀರು ಬೆರೆಸಿ ಬ್ರಷ್ಷಿನಲ್ಲಿ ಡಬ್ಬಕ್ಕೆ ಸವರಿ, ಫಾಯಿಲನ್ನು ಮೊದಲು ಮುದ್ದೆ ಮಾಡಿ ಮತ್ತೆ ಬಿಡಿಸಿ ಹಚ್ಚಿ. ನುಣ್ಣಗೆ ಹಚ್ಚಲು ಹೋದರೆ ಪ್ರತಿ ಸುಕ್ಕೂ ಎದ್ದು ಕಾಣುತ್ತದೆ. ಮೊದಲೇ ಸುಕ್ಕು ಮಾಡಿದರೆ ಅದೇ ಡಿಸೈನು ಆಗುತ್ತದೆ. ಎಲ್ಲ ಡಬ್ಬಕ್ಕೂ ಫಾಯಿಲ್ ಬೇಡ. ಎದೆಗೆ, ಮುಖಕ್ಕೆ ಹಚ್ಚಿದರೆ ಸಾಕು, ಉಳಿದದ್ದು ರಟ್ಟಿನ ಬಣ್ಣದಲ್ಲೇ ಚೆಂದ.

ವೇಷದ ವಿಷಯದಲ್ಲಿ ನನ್ನ ಇನ್ನೊಂದು ಪೆದ್ದುತನ ಕೇಳಿ. ಕುತ್ತಿಗೆಯಿಂದ ಮೊಣಕಾಲಿನವರೆಗೆ ಬರುವ ಪೆಟ್ಟಿಗೆ ಕತ್ತರಿಸಿ ಮೊಮ್ಮಗನಿಗೆ ಹಾಕಿದ್ದೆ. ಎದೆ ಮೇಲೆ ಮೀಟರು, ಕೈಗೆ ಕೊಳವೆ, ತಲೆಗೆ ಇನ್ನೊಂದು ಡಬ್ಬ. ಫೋಟೋ ಭರ್ಜರಿ ಬಂತು. ಹತ್ತು ನಿಮಿಷ ಆದ ಮೇಲೆ ಅವನು ನನ್ನ ಹತ್ತಿರ ಬಂದು ಪಿಸುಗುಟ್ಟಿದ, "ಅಜ್ಜಿ, ರೋಬೋಟ್‌ಗೆ ಸೂಸು ಬರಲ್ಲ ಅಂತಾನೆ ಅವನು, ನಂಗೆ ಬಂದಿದೆ." ಟೇಪು ಬಿಚ್ಚುವಷ್ಟರಲ್ಲಿ ಹೊತ್ತು ಮೀರಿತ್ತು. ಆಮೇಲಿಂದ ಪೆಟ್ಟಿಗೆಯನ್ನು ಸೊಂಟದ ಮೇಲಕ್ಕೇ ನಿಲ್ಲಿಸುತ್ತೇನೆ. ಹಾಕಿ ಕೂರಿಸಿ ನೋಡಿ, ಕೂರಲು ಆದರೆ ಅಳತೆ ಸರಿ. ಕೈ ತೂತು ನಿಮಗೆ ಅನ್ನಿಸುವುದಕ್ಕಿಂತ ಎರಡು ಬೆರಳು ದೊಡ್ಡದಿರಲಿ, ಅಂಚಿಗೆ ಬಟ್ಟೆ ಟೇಪು ಹಾಕಿ. ಇಲ್ಲದಿದ್ದರೆ ಕಂಕುಳು ತರಚುತ್ತದೆ. ಹೆಗಲಿಗೆ ಪಟ್ಟಿ ಕಟ್ಟಿದರೆ ಬ್ಯಾಗಿನ ತರ ತಾನೇ ಹಾಕಿ ತಾನೇ ತೆಗೆಯಬಹುದು. ತಲೆಗೆ ಡಬ್ಬ ಬೇಡವೇ ಬೇಡ, ಸೆಖೆ, ಪಕ್ಕದಲ್ಲಿ ಯಾರಿದ್ದಾರೆ ಅಂತಲೂ ಕಾಣುವುದಿಲ್ಲ. ಒಂದು ಹೇರ್‌ಬ್ಯಾಂಡಿಗೆ ಎರಡು ಸ್ಟ್ರಾ ಸಿಕ್ಕಿಸಿ ತುದಿಗೆ ಫಾಯಿಲ್ ಉಂಡೆ ಇಟ್ಟರೆ ಆಂಟೆನಾ ಆಯಿತು.

ಈಗ ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ಮಕ್ಕಳು ಏಳೆಂಟು ವರ್ಷದವರಾಗಿದ್ದರೆ ಸುಮ್ನೆ ನಿಲ್ಲುವ ರೋಬೋಟ್ ಬೇಡ, ಚಿತ್ರ ಬರೆಯುವ ರೋಬೋಟ್ ಮಾಡಿಸಿ. ದುಡ್ಡು ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ, ಉಳಿದ ಕಡೆ ಕೈ ಬಿಗಿ ಹಿಡಿಯಿರಿ. ಒಬ್ಬೊಬ್ಬರಿಗೆ ಬೇಕಾದದ್ದು ಒಂದು ಪೇಪರ್ ಲೋಟ, ಮೂರು ಸ್ಕೆಚ್ ಪೆನ್ನು, ಒಂದು ಸಣ್ಣ ಮೋಟಾರು, ಒಂದು ಪೆನ್ ಟಾರ್ಚಿನ ಸೆಲ್ಲು. ಮೋಟಾರು ಹೊಸದೇ ಆಗಬೇಕಿಲ್ಲ. ಮುರಿದ ಆಟದ ಕಾರು, ಆಟದ ಫ್ಯಾನಿನ ಹೊಟ್ಟೆಯಲ್ಲಿ ಅದು ಇದ್ದೇ ಇರುತ್ತದೆ.

ಲೋಟವನ್ನು ಬೋರಲು ಹಾಕಿ. ಮೂರೂ ಪೆನ್ನನ್ನು ಸಮ ದೂರದಲ್ಲಿ, ಮೂತಿ ಕೆಳಗೆ ಮಾಡಿ ಹೊರಗಿನಿಂದ ಟೇಪು ಹಾಕಿ. ಇವೇ ಮೂರು ಕಾಲು. ಲೋಟದ ಬಾಯಿ ನೆಲಕ್ಕೆ ತಾಗದಂತೆ ಪೆನ್ನು ಎರಡು ಬೆರಳಷ್ಟು ಕೆಳಗೆ ಇಳಿದಿರಬೇಕು. ಲೋಟದ ತಲೆ ಮೇಲೆ ಮೋಟಾರನ್ನು ಮಲಗಿಸಿ, ಅದರ ಕಡ್ಡಿ ಅಂಚಿನಿಂದ ಆಚೆ ಚಾಚಿರುವಂತೆ ಟೇಪು ಹಾಕಿ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಬೆರಳ ತುದಿಯಷ್ಟು ಚೂರು ಕತ್ತರಿಸಿ ಆ ಕಡ್ಡಿಗೆ ಚುಚ್ಚಿ. ಚುಚ್ಚುವಾಗ ನಟ್ಟನಡುವೆ ಬೇಡ, ಒಂದು ಅಂಚಿಗೆ. ಗುಟ್ಟೆಲ್ಲ ಇರುವುದೇ ಇಲ್ಲಿ. ನಡುವೆ ಚುಚ್ಚಿದರೆ ರಬ್ಬರು ಸುಮ್ನೆ ಗಿರಗಿರ ತಿರುಗುತ್ತದೆ, ರೋಬೋಟ್ ಕದಲುವುದಿಲ್ಲ. ಅಂಚಿಗೆ ಚುಚ್ಚಿದರೆ ತೂಕ ಒಂದು ಕಡೆ ವಾಲುತ್ತದೆ, ಪ್ರತಿ ಸುತ್ತಿಗೂ ಲೋಟವನ್ನು ಎಳೆದು ಎಳೆದು ನಡುಗಿಸುತ್ತದೆ. ನಿಮ್ಮ ಮೊಬೈಲು ಜೇಬಲ್ಲಿ ಗುರ್ ಅನ್ನುತ್ತದಲ್ಲ, ಅದರೊಳಗೂ ನಡೆಯುವುದು ತೂಕದ ಇಂಥದೇ ನಡುಕ.

ಸೆಲ್ಲನ್ನೂ ಲೋಟದ ಮೇಲೇ ಟೇಪು ಮಾಡಿ, ಮೋಟಾರಿನ ಎರಡು ವೈರುಗಳನ್ನು ಅದರ ಎರಡು ತುದಿಗೆ ತಾಗಿಸಿ, ಉದ್ದಕ್ಕೆ ಒಂದು ಅಗಲ ರಬ್ಬರ್ ಬ್ಯಾಂಡ್ ಹಾಕಿ ಹಿಡಿಸಿ. ಈ ಸೆಲ್ಲು 1.5 ವೋಲ್ಟಿನದು, ಶಾಕ್ ಹೊಡೆಯುವುದಿಲ್ಲ. ಆದರೆ ಮೋಟಾರು ಬಿಟ್ಟು ಒಂದೇ ವೈರಿನಿಂದ ಸೆಲ್ಲಿನ ಎರಡು ತುದಿ ಕೂಡಿಸಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ, ಅದನ್ನು ಮಕ್ಕಳಿಗೆ ಮೊದಲೇ ಹೇಳಿ. ನೆಲದ ಮೇಲೆ ದೊಡ್ಡ ಬಿಳಿ ಹಾಳೆ ಹಾಸಿ ಪೆನ್ನಿನ ಮುಚ್ಚಳ ತೆಗೆದು ಬಿಟ್ಟರೆ ರೋಬೋಟ್ ಕುಣಿಯುತ್ತಾ ಬಳ್ಳಿ ಬಳ್ಳಿಯಾಗಿ ಗೀಚುತ್ತದೆ. ಒಂದು ಎಡಕ್ಕೆ ಸುತ್ತುತ್ತದೆ, ಒಂದು ಬಲಕ್ಕೆ, ಒಂದು ಮಗುಚಿ ಬಿದ್ದು ಕಾಲು ಅಲ್ಲಾಡಿಸುತ್ತದೆ. ಅರ್ಧ ಗಂಟೆ ನಿಮ್ಮನ್ನು ಯಾರೂ ಕೇಳುವುದಿಲ್ಲ. ಹಾಳೆ ಅಂಚಿಗೆ ಮಾತ್ರ ಹಳೇ ಬಟ್ಟೆ ಸುರುಳಿ ಸುತ್ತಿ ಇಡಿ, ಇಲ್ಲದಿದ್ದರೆ ನೆಲದ ಮೇಲೂ ಚಿತ್ರಕಲೆ ಶುರು.

ಪುಟ್ಟ ಮಕ್ಕಳಿದ್ದರೆ ಮೋಟಾರು ಬಿಡಿ. ಒಂದೊಂದು ಡಬ್ಬ ಕೊಟ್ಟು, ನಡುವೆ ಮುಚ್ಚಳಗಳ ರಾಶಿ ಸುರಿದು, ಅಂಟು ಕೊಟ್ಟರೆ ಅವೇ ಕಣ್ಣು ಮೂಗು ಮಾಡಿಕೊಳ್ಳುತ್ತವೆ. ಕಟ್ಟರು ಮಾತ್ರ ದೊಡ್ಡವರ ಜೇಬಲ್ಲೇ ಇರಲಿ. ತೂತು, ಸೀಳು ಎಲ್ಲ ಹಿಂದಿನ ದಿನವೇ ಮಾಡಿಡಿ.

ಎರಡು ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ರೋಬೋಟ್ ಕಣ್ಣು ಮಿನುಗಲಿ ಅಂತ ಬಟನ್ ಸೆಲ್ ಹಾಕುವ ಪುಟ್ಟ ದೀಪಗಳನ್ನು ತರುತ್ತಾರೆ. ನಾಣ್ಯದ ಹಾಗಿರುವ ಆ ಸೆಲ್ಲನ್ನು ಮಗು ನುಂಗಿ, ಅದು ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಟ್ಟು ಗಾಯವಾಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸುತ್ತಾ ಕೂರದೆ ನೇರ ಆಸ್ಪತ್ರೆಗೆ ಓಡಬೇಕು. ನಾನಂತೂ ಮಕ್ಕಳ ಪಾರ್ಟಿಗೆ ಅದನ್ನು ಮನೆಯೊಳಗೇ ಬಿಟ್ಟುಕೊಳ್ಳುವುದಿಲ್ಲ. ಸಿಡಿ ಕಣ್ಣು ಹೇಗೂ ಹೊಳೆಯುತ್ತದೆ. ಸಿಡಿಯನ್ನು ಮುರಿಯಬೇಡಿ ಮತ್ತೆ, ಚೂಪು ಅಂಚು ಬರುತ್ತದೆ, ಇಡಿಯಾಗಿಯೇ ಅಂಟಿಸಿ. ಎರಡನೆಯದು ಬಲೂನು. ಒಡೆದ ಬಲೂನಿನ ಚೂರನ್ನು ಬಾಯಿಗೆ ಹಾಕಿಕೊಂಡರೆ ಉಸಿರು ಕಟ್ಟುತ್ತದೆ. ಎಂಟು ವರ್ಷದೊಳಗಿನ ಮಕ್ಕಳ ಕೈಗೆ ಊದದ ಬಲೂನು ಕೊಡಬೇಡಿ, ಒಡೆದ ಕೂಡಲೇ ಚೂರು ಹೆಕ್ಕಿ.

ಆಟಕ್ಕೆ ಒಂದು ಪೈಸೆಯೂ ಬೇಡ. ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ, ಅವರು ರೋಬೋಟ್. ಇನ್ನೊಬ್ಬರು ಯಜಮಾನ. "ಮೂರು ಹೆಜ್ಜೆ ಮುಂದೆ, ಬಲಕ್ಕೆ ತಿರುಗು, ಬಗ್ಗು, ಎತ್ತು" ಅಂತ ಹೇಳಿ ಕೋಣೆಯ ಆ ತುದಿಯಲ್ಲಿರುವ ಚೆಂಡನ್ನು ಎತ್ತಿಸಬೇಕು. ಹೇಳಿದ್ದಷ್ಟೇ ಮಾಡಬೇಕು, ಹೇಳದ್ದನ್ನು ಮಾಡುವಂತಿಲ್ಲ. "ನಿಲ್ಲು" ಅನ್ನಲು ಮರೆತರೆ ರೋಬೋಟ್ ಸೋಫಾಗೆ ಗುದ್ದಿಕೊಂಡೇ ನಿಲ್ಲುವುದು! ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವರ ಪಾಡೂ ಇದೇ ಅಂತ ನನ್ನ ಮಗ ಹೇಳುತ್ತಿರುತ್ತಾನೆ. ಇನ್ನೊಂದು, ಹಾಡು ಹಾಕಿ ರೋಬೋಟ್ ತರ ಕುಣಿಯುವುದು, ಹಾಡು ನಿಂತಾಗ "ಬ್ಯಾಟರಿ ಖಾಲಿ" ಅಂತ ಹಾಗೇ ಕಲ್ಲಾಗುವುದು. ಇಷ್ಟು ಸಾಕು. ಮೂರನೇ ಆಟ ಯೋಚಿಸಿಟ್ಟರೂ ಅದಕ್ಕೆ ಹೊತ್ತು ಉಳಿಯುವುದಿಲ್ಲ.

ರೋಬೋಟ್ ಅನ್ನುವ ಪದ ಎಲ್ಲಿಂದ ಬಂತು ಗೊತ್ತಾ? 1920ರಲ್ಲಿ ಒಬ್ಬ ಚೆಕ್ ನಾಟಕಕಾರ ತನ್ನ ನಾಟಕದಲ್ಲಿ ಬಳಸಿದ್ದು. ಪದ ಹೊಳೆದದ್ದು ಚಿತ್ರಕಾರನಾಗಿದ್ದ ಅವನ ಅಣ್ಣನಿಗೆ. ಚೆಕ್ ಭಾಷೆಯ 'ರೊಬೊತ' ಅಂದರೆ ನಮ್ಮ ಬಿಟ್ಟಿ ಚಾಕರಿ. ಪಾರ್ಟಿ ದಿನ ಬೆಳಗ್ಗೆಯಿಂದ ನಿಂತೇ ಇರುವ ತಾಯಂದಿರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಮನೆಯ ಗಂಡಸರಿಗೂ ಒಂದೊಂದು ಕೆಲಸ ಮೊದಲೇ ಹಂಚಿಬಿಡಿ. ಮೋಟಾರಿನ ವೈರು ಸರಿಮಾಡುವವರು ಒಬ್ಬರು, ತಟ್ಟೆ ತೊಳೆಯುವವರು ಒಬ್ಬರು.

ಕೇಕಿಗೆ ವಿಶೇಷ ಅಚ್ಚು ಬೇಡ. ರೋಬೋಟ್ ಅಂದರೇ ಚೌಕ. ಒಂದು ಚೌಕ ಕೇಕ್ ಮಾಡಿ, ಅದರಲ್ಲಿ ಮೂರನೇ ಒಂದು ಭಾಗವನ್ನು ಪಟ್ಟಿಯಾಗಿ ಕತ್ತರಿಸಿ. ದೊಡ್ಡ ತುಂಡು ಮೈ. ಪಟ್ಟಿಯನ್ನು ಅರ್ಧ ಮಾಡಿದರೆ ಒಂದು ತಲೆ, ಇನ್ನೊಂದನ್ನು ಮತ್ತೆ ಸೀಳಿದರೆ ಎರಡು ಕೈ. ಬಿಸ್ಕತ್ತು ಕಣ್ಣು, ಬಣ್ಣದ ಮಿಠಾಯಿ ಗುಂಡಿ. ಮೇಲಿನ ಕ್ರೀಮು ಬಿಳಿಯೋ ತಿಳಿನೀಲಿಯೋ ಇರಲಿ. ನಾನು ಒಮ್ಮೆ ಉಕ್ಕಿನ ಬಣ್ಣ ಬರಲಿ ಅಂತ ಕಪ್ಪು ಬೆರೆಸಿ ಬೂದು ಬಣ್ಣ ಮಾಡಿದ್ದೆ. ನೋಡಲು ಸಿಮೆಂಟು. ಮಕ್ಕಳು ಮುಟ್ಟಲಿಲ್ಲ, ಮುಟ್ಟಿದವರ ನಾಲಿಗೆ ಸಂಜೆವರೆಗೂ ಕಪ್ಪು. ಉಳಿದ ತಿಂಡಿಗೆ ನಿಮ್ಮ ಮಗು ದಿನಾ ಇಷ್ಟಪಟ್ಟು ತಿನ್ನುವುದನ್ನೇ ಇಡಿ, ಜೊತೆಗೆ ಹೆಚ್ಚಿದ ಹಣ್ಣು. ಯಾವ ಮಗುವಿಗೆ ಏನು ಆಗುವುದಿಲ್ಲ ಅಂತ ಅವರ ಮನೆಯವರನ್ನು ಮೊದಲೇ ಕೇಳಿಕೊಳ್ಳಿ.

ಮೇಣದ ಬತ್ತಿ ಹಚ್ಚುವ ಮೊದಲು ರಟ್ಟಿನ ವೇಷ ಕಳಚಿಸಿ. ರಟ್ಟು, ಕಾಗದ, ಅಂಟು ಮೂರೂ ಬೆಂಕಿಗೆ ಹತ್ತಿರದ ನೆಂಟರು. ಹಾಡುವ ಮುಂಚೆ ಮಕ್ಕಳಿಗೆ ನಾನೊಂದು ಕಥೆ ಹೇಳ್ತೀನಿ, ನಿಜವಾದ ಕಥೆ. ಮಂಗಳ ಗ್ರಹದಲ್ಲಿ ಕ್ಯೂರಿಯಾಸಿಟಿ ಅಂತ ಒಂದು ರೋಬೋಟ್ ಇದೆ. ಅದು ಅಲ್ಲಿ ಇಳಿದು 2013ರ ಆಗಸ್ಟಿಗೆ ಒಂದು ವರ್ಷ ತುಂಬಿತು. ಮಣ್ಣಿನ ಪುಡಿಯನ್ನು ಅಲುಗಾಡಿಸಿ ಒಳಗಿಳಿಸಲು ಅದರ ಹೊಟ್ಟೆಯಲ್ಲಿ ನಡುಗುವ ಯಂತ್ರ ಇದೆ. ನಾಸಾದ ಎಂಜಿನಿಯರುಗಳು ಆ ನಡುಕವನ್ನೇ ಏರಿಸಿ ಇಳಿಸಿ ರಾಗ ಹೊರಡಿಸಿ, ಅದು ತನಗೆ ತಾನೇ ಹ್ಯಾಪಿ ಬರ್ತ್‌ಡೇ ಹಾಡಿಕೊಳ್ಳುವ ಹಾಗೆ ಮಾಡಿದರು. ಅಷ್ಟು ದೂರ, ಒಂದೇ ಒಂದು, ಕೇಳಲು ಯಾರೂ ಇಲ್ಲ. ಇದನ್ನು ಹೇಳಿದಾಗ ಕಿರಿಯ ಮೊಮ್ಮಗಳು "ಅದಕ್ಕೆ ಕೇಕ್ ಯಾರು ಕೊಟ್ರು?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ತನ್ನ ತಟ್ಟೆಯಿಂದ ಒಂದು ಚೂರು ತೆಗೆದು ಲೋಟದ ರೋಬೋಟ್ ಮುಂದೆ ಇಟ್ಟಳು.

ಹೊರಡುವಾಗ ಪ್ರತಿ ಮಗುವಿನ ಕೈಗೆ ಅದು ಮಾಡಿದ ರೋಬೋಟ್ ಕೊಟ್ಟು ಕಳಿಸಿ, ಹೆಸರು ಬರೆದ ಚೀಟಿ ಮೊದಲೇ ಅಂಟಿಸಿರಿ, ಇಲ್ಲದಿದ್ದರೆ ಬಾಗಿಲಲ್ಲೇ ಜಗಳ. ಗೀಚಿದ ದೊಡ್ಡ ಹಾಳೆಯನ್ನು ಬಿಸಾಡಬೇಡಿ, ಮುಂದೆ ಉಡುಗೊರೆ ಸುತ್ತಲು ಅದಕ್ಕಿಂತ ಚೆಂದದ ಕಾಗದ ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ಉಳಿದ ರೋಬೋಟಿನ ಸೆಲ್ಲನ್ನು ಅವತ್ತೇ ರಾತ್ರಿ ಬಿಚ್ಚಿಡಿ. ಮರೆತರೆ ತಿಂಗಳುಗಟ್ಟಲೆ ಕೂತು ರಸ ಸೋರಿ ಮೋಟಾರಿನ ವೈರೆಲ್ಲ ಹಸಿರು ಕಟ್ಟುತ್ತದೆ, ಮುಂದಿನ ವರ್ಷಕ್ಕೆ ಮತ್ತೆ ಹೊಸದು ಹುಡುಕಬೇಕು.