ಒನಕೆ ಬಂದ ತರಗತಿ

ಭೌತಶಾಸ್ತ್ರ ಕಲಿಸುವ ನನಗೆ ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳು ಸಿಕ್ಕಿದ್ದು ತಮ್ಮ ವಿಭಾಗದ ಹೊರಗಿನ ವಿಷಯವನ್ನೂ ಆರಿಸಿಕೊಳ್ಳುವ ಓಪನ್ ಇಲೆಕ್ಟಿವ್ ಬಂದ ಮೇಲೆ. ಮೊದಲ ವರ್ಷ ‘ವೀಕ್ಷಣೆ, ಊಹೆ, ಪ್ರಯೋಗ, ತೀರ್ಮಾನ’ ಎಂದು ಬೋರ್ಡಿನ ಮೇಲೆ ಬರೆದೆ. ಅವರೂ ಬರೆದುಕೊಂಡರು, ಪರೀಕ್ಷೆಯಲ್ಲಿ ಹಾಗೆಯೇ ಒಪ್ಪಿಸಿದರು.

2022ರ ಅಕ್ಟೋಬರ್ 25ರಂದು, ದೀಪಾವಳಿಯ ನಡುವೆ, ಪಾರ್ಶ್ವ ಸೂರ್ಯಗ್ರಹಣ ಬಂತು. ರಜೆ ಮುಗಿಸಿ ಬಂದವರ ಮೊಬೈಲ್‌ಗಳಲ್ಲಿ ನೀರು ತುಂಬಿದ ಹರಿವಾಣದಲ್ಲಿ ನೆಟ್ಟಗೆ ನಿಂತ ಒನಕೆಯ ವಿಡಿಯೊ. ಗ್ರಹಣ ಹಿಡಿದಾಗ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ ಎಂಬ ನಂಬಿಕೆ. ಗುರುತ್ವ ಕೇಂದ್ರದ ಪಾಠ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಇದನ್ನು ಪರೀಕ್ಷಿಸುವುದು ಹೇಗೆ ಎಂದಷ್ಟೇ ಕೇಳಿದೆ. ಮುಂದಿನ ಗ್ರಹಣಕ್ಕೆ ಮತ್ತೆ ನಿಲ್ಲಿಸಿ ನೋಡೋಣ ಎಂದರು ಎಲ್ಲರೂ. ಅರ್ಧ ಗಂಟೆ ಕಳೆದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಬೇರೆ ದಿನ ಯಾರೂ ನಿಲ್ಲಿಸುವುದೇ ಇಲ್ಲವಲ್ಲ, ಮೇಡಂ” ಎಂದಳು. ಆ ಮಾತನ್ನು ಬೋರ್ಡಿನ ಮೇಲೆ ಬರೆದು, ಅದರ ಕೆಳಗೆ ‘ನಿಯಂತ್ರಿತ ಪ್ರಯೋಗ’ ಎಂದು ಬರೆದೆ; ಅಂದರೆ ಗ್ರಹಣವಿಲ್ಲದ ದಿನವೂ ನಿಲ್ಲಿಸಿ ಹೋಲಿಸಿ ನೋಡುವುದು.

ಮರುವಾರ ಅವಳ ಮನೆಯ ಒನಕೆ ಬಸ್ಸಿನಲ್ಲಿ ಬಂತು. ಮೂರು ಸಲ ಬಿದ್ದು ನಾಲ್ಕನೆಯ ಸಲ ನಿಂತಿತು. ಚಪ್ಪಾಳೆ. ಅಷ್ಟರಲ್ಲಿ ಒಬ್ಬ ಹುಡುಗ, “ಗ್ರಹಣದ ದಿನ ಇನ್ನೂ ಸುಲಭವಾಗಿ ನಿಲ್ಲುತ್ತದೆ, ಮೇಡಂ” ಎಂದ. ರೇಗಿತು. ರಾತ್ರಿ ಯೋಚಿಸಿದಾಗ ಅವನ ಆಕ್ಷೇಪವೇ ಸರಿ ಎನ್ನಿಸಿತು.

‘ಸುಲಭ’ವನ್ನು ಅಳೆಯುವುದು ಹೇಗೆ? ಎರಡು ತರಗತಿ ಇದಕ್ಕೇ ಹೋಯಿತು. ಹತ್ತು ಸೆಕೆಂಡು ನಿಂತರೆ ನಿಂತಂತೆ, ಅದೇ ಒನಕೆ, ಅದೇ ನೆಲ, 20 ಪ್ರಯತ್ನ, ಬಿದ್ದದ್ದನ್ನೂ ಬರೆಯಬೇಕು. ಬಿದ್ದ ಒನಕೆಯ ವಿಡಿಯೊವನ್ನು ಯಾರೂ ಹಂಚುವುದಿಲ್ಲ ಎಂಬುದು ಆಗಲೇ ಅವರಿಗೆ ಹೊಳೆದದ್ದು. ನಿಲ್ಲಿಸುವವರ ಕೈ ಪಳಗುತ್ತದೆ, ಆದ್ದರಿಂದ ಆಳು ಬದಲಾಗಬೇಕು ಎಂದು ಇನ್ನೊಬ್ಬ ಸೇರಿಸಿದ. ಹರಿವಾಣದ ನೀರಿನ ಪಾತ್ರವೇನಾದರೂ ಇದೆಯೇ ಎಂದೂ ನೋಡಿದೆವು: ಇಪ್ಪತ್ತರಲ್ಲಿ ನೀರಿನೊಡನೆ 13 ಸಲ ನಿಂತಿತು, ನೀರಿಲ್ಲದೆ 14 ಸಲ. ಒಂದರ ಅಂತರಕ್ಕೆ ಬೆಲೆಯಿದೆಯೇ ಎಂದು ಬಿ.ಕಾಂ. ಹುಡುಗರು ಜಗಳಕ್ಕೇ ನಿಂತರು. ಬುಡ ಸವೆದು ಗುಂಡಗಾಗಿದ್ದ ಇನ್ನೊಂದು ಒನಕೆ ಒಮ್ಮೆಯೂ ನಿಲ್ಲಲಿಲ್ಲ. ಸಪಾಟು ಬುಡ, ಗುರುತ್ವ ಕೇಂದ್ರ (ಭಾರವೆಲ್ಲ ನೆಲೆಸಿದಂತಿರುವ ಬಿಂದು), ಅದು ಬುಡದ ನೇರಕ್ಕೆ ಇರುವಷ್ಟು ಹೊತ್ತು ಒನಕೆ ಬೀಳದು ಎಂದು ಹತ್ತು ನಿಮಿಷದಲ್ಲಿ ಮುಗಿಸಿದೆ. ಆಗ ಕೇಳುವ ಕಿವಿಗಳಿದ್ದವು.

ಇನ್ನು ಗ್ರಹಣ ಬಿಟ್ಟಾಗ ಬೀಳುವ ಮಾತು ಉಳಿದಿತ್ತು. ಸಂಜೆ ಲ್ಯಾಬಿನ ಮೂಲೆಯಲ್ಲಿ ಒನಕೆಯನ್ನು ನಿಲ್ಲಿಸಿ ಬೀಗ ಹಾಕಿದೆವು. ಬೆಳಿಗ್ಗೆ ಬಾಗಿಲು ತೆರೆದ ಅಟೆಂಡರ್ ಪೊರಕೆ ಹಿಡಿದು ಹೊಸ್ತಿಲಲ್ಲೇ ನಿಂತಿದ್ದರು.

“ಮೇಡಂ, ಇವತ್ತು ಯಾವ ಗ್ರಹಣ?”